ನಡುಮನೆಯ ಬೀಗದ ಕೈ

ನಮ್ಮ ಯಜಮಾನರ ಎಡಗೆನ್ನೆಯ ಒಳಗೆ ಹುಣ್ಣು ಎದ್ದದ್ದು 2002ನೇ ಇಸವಿಯ ಯುಗಾದಿ ಕಳೆದ ಮೇಲೆ. ಎಲೆ ಅಡಿಕೆಗೆ ಸುಣ್ಣ ಹೆಚ್ಚಾಗಿ ಬಾಯಿ ಬೆಂದಿರಬೇಕು ಎಂದು ನಾನು ತುಪ್ಪ ಹಚ್ಚಿದೆ. ದೀಪಾವಳಿಯ ಹೊತ್ತಿಗೆ ಆ ಹುಣ್ಣು ಕೆನ್ನೆಯನ್ನು ತೂತು ಮಾಡಿಕೊಂಡು ಹೊರಗೆ ಬಂದಿತ್ತು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಕ್ಯಾನ್ಸರಿಗೆ ಕರೆಂಟು ಕೊಡಿಸಿದ್ದೂ ಆಯಿತು, ಬಾಟಲಿಯಲ್ಲಿ ಔಷಧಿ ಏರಿಸಿದ್ದೂ ಆಯಿತು. ಕೊನೆಗೆ ಡಾಕ್ಟರು ನನ್ನೊಬ್ಬಳನ್ನೇ ಕರೆದು, ಇನ್ನು ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳಿ ಎಂದರು. ಎಷ್ಟು ದಿನ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಕೆಂಚಮ್ಮ ತಾಯಿಯನ್ನು ನಂಬಿರುವ ಅಕ್ಕ ತಂಗಿಯರೇ, ಇದನ್ನು ಬರೆಯಲು ಒಂದು ಕಾರಣವಿದೆ. ಹೋದ ತಿಂಗಳು ಗುಡಿಯಲ್ಲಿ ತಾಯಿ ನನ್ನ ಮೊರೆ ಕೇಳಿದಳು ಎಂದು ನಾನು ಹೇಳಿದಾಗ, ಪಕ್ಕದಲ್ಲಿದ್ದ ಒಬ್ಬರು ನನ್ನ ಬರಿಯ ಹಣೆ ನೋಡಿ, ನಿನ್ನ ಗಂಡ ಹೋದನಲ್ಲ, ತಾಯಿ ಕೇಳಿದ್ದು ಯಾವ ಮೊರೆ ಎಂದರು. ಅವರು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ಆದರೆ ನಿಂತಲ್ಲೇ ಹೇಳಿ ಮುಗಿಸುವ ಉತ್ತರ ಅದಲ್ಲ.

ಬೆಂಗಳೂರಿನಿಂದ ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮ ಹತ್ತಿರ ಯಾರೂ ಕೂರಲಿಲ್ಲ. ಗಾಯದ ವಾಸನೆ ಹಾಗಿತ್ತು. ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅವರು ತಲೆ ತಗ್ಗಿಸಿ ಕೂತಿದ್ದರು. ಕುಣಿಗಲ್ ದಾಟಿದ ಮೇಲೆ ಯಾರೋ ಒಬ್ಬರು ಇಳಿಸಿ ಇವರನ್ನ ಎಂದು ಗಲಾಟೆ ತೆಗೆದರು. ಕಂಡಕ್ಟರ್ ಬಂದು, ಇಳಿಯುವುದಾದರೆ ನೀವು ಇಳಿಯಿರಿ, ಹಿಂದೆ ಇನ್ನೊಂದು ಬಸ್ಸಿದೆ ಎಂದು ಹೇಳಿ, ನಮ್ಮನ್ನು ತನ್ನ ಸೀಟಿನ ಹತ್ತಿರ ಕೂರಿಸಿಕೊಂಡು ಕಿಟಕಿ ತೆಗೆದ. ದೀಪ ಹಚ್ಚುವಾಗ ಆ ದಿನ ತಾಯಿ ಮಾಡಿದ ಉಪಕಾರವನ್ನು ಒಂದಾದರೂ ಹೆಸರಿಟ್ಟು ಹೇಳಿಕೊಳ್ಳಬೇಕೆಂದು ನಮ್ಮವ್ವ ನನಗೆ ಚಿಕ್ಕಂದಿನಲ್ಲೇ ಕಲಿಸಿದ್ದಳು. ಅವತ್ತು ಸಂಜೆ ಆ ಕಂಡಕ್ಟರನನ್ನು ಹೇಳಿಕೊಂಡೆ.

ನಮ್ಮವರು ಇಪ್ಪತ್ತೆರಡು ವರ್ಷ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಬೆಳಗ್ಗೆ ಆಳುಗಳ ಹಾಜರಿ ಹಾಕುವುದು, ಯಾರು ಯಾವ ತೋಟಕ್ಕೆ ಎಂದು ಕಳಿಸುವುದು, ಸಂಜೆ ಚೆಕ್ ರೋಲ್ ಎನ್ನುವ ಹಾಜರಿ ಪುಸ್ತಕ ಬರೆಯುವುದು ಅವರ ಕೆಲಸ. ಕೆಲಸ ಬಿಟ್ಟ ಮೇಲೆ ಎಸ್ಟೇಟಿನ ಕ್ವಾರ್ಟರ್ಸನ್ನು ಹೊಸ ರೈಟರಿಗೆ ಬಿಟ್ಟುಕೊಡಬೇಕಾಯಿತು. ಸಕಲೇಶಪುರದ ಹತ್ತಿರದ ದೋಣಿಗಲ್ಲಿನಲ್ಲಿ ದೇವೀರಮ್ಮ ಎನ್ನುವ ಎಪ್ಪತ್ತು ದಾಟಿದ ಅಜ್ಜಿಯ ಅಂಗಳದಲ್ಲಿ ಎರಡು ಕೋಣೆಯ ಹಳೇ ಸ್ಟೋರ್ ಇತ್ತು. ಮೊದಲು ಅಲ್ಲಿ ಕಾಫಿ ಮೂಟೆ ಇಡುತ್ತಿದ್ದರಂತೆ. ಅದನ್ನೇ ಬಾಡಿಗೆಗೆ ಹಿಡಿದೆವು. ನಾನು, ಅವರು, ಏಳನೇ ಕ್ಲಾಸಿನ ಮಗಳು ಸುಧಾ. ಘಾಟಿ ಹತ್ತುವ ಲಾರಿಗಳು ಗೇರ್ ಬದಲಿಸಿದರೆ ಮನೆಯ ಗೋಡೆ ನಡುಗುತ್ತಿತ್ತು. ಅದರ ಜೊತೆಗೆ ಕೆನ್ನೆಯೂ ಅದುರಿ ನೋಯುತ್ತದೆ ಎಂದು ಅವರು ಕೈಸನ್ನೆಯಲ್ಲಿ ತೋರಿಸುತ್ತಿದ್ದರು. ಆ ಹೊತ್ತಿಗೆ ಮಾತು ನಿಂತುಹೋಗಿ, ಹೇಳುವುದನ್ನೆಲ್ಲ ಹಳೇ ಚೆಕ್ ರೋಲಿನ ಹಾಳೆಗಳ ಹಿಂಬದಿಯಲ್ಲಿ ಬರೆದು ತೋರಿಸುತ್ತಿದ್ದರು.

ದೇವೀರಜ್ಜಿ ಕಡು ಮಡಿ, ಬಾಯಿ ಬಲು ಜೋರು. ದಿನಾ ಬೆಳಗ್ಗೆ ಕೋಲೂರಿಕೊಂಡು ಬಂದು ನಮ್ಮ ಬಾಗಿಲಿನ ಹೊರಗೇ ನಿಲ್ಲುತ್ತಿದ್ದಳು. ಒಂದೇ ಮಾತು ಕೇಳುತ್ತಿದ್ದಳು.

"ಶಾರ್ದಾ, ರೈಟ್ರು ಒಳಗವ್ರಾ?"

ಒಳಗವ್ರೆ ಅಜ್ಜಿ ಎಂದು ನಾನು ಹೇಳಿದರೆ ಹೂಂ ಎಂದು ಹೊರಟುಹೋಗುವಳು. ಏಳಲಾಗದ ಮನುಷ್ಯ ಇನ್ನೆಲ್ಲಿಗೆ ಹೋಗುತ್ತಾರೆ? ಯಾವಾಗ ಮನೆ ಖಾಲಿಯಾಗುತ್ತದೆ ಎಂದು ನೋಡಲು ಬರುತ್ತಾಳೆ ಎಂದುಕೊಂಡು ನಾನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ತಾಯಿ ನನ್ನನ್ನು ಕ್ಷಮಿಸಲಿ.

ಬೆಂಗಳೂರಿನ ಡಾಕ್ಟರು ಮಾರ್ಫಿನ್ ಮಾತ್ರೆ ಕೊಟ್ಟು, ನಾಲ್ಕು ಗಂಟೆಗೊಂದು ತಪ್ಪದೆ ಕೊಡಬೇಕು ಎಂದು ಕಾಗದ ಬರೆದುಕೊಟ್ಟಿದ್ದರು. ಗಾಯ ಕಟ್ಟಿಸಲು ಸಕಲೇಶಪುರದ ಒಂದು ಆಸ್ಪತ್ರೆಗೆ ಹೋದಾಗ ಆ ಕಾಗದವನ್ನು ಅಲ್ಲಿದ್ದ ನರ್ಸಿಗೆ ತೋರಿಸಿದೆ. ಅವರ ಹೆಸರು ಲೀಲಾ, ಆಲೂರು ಕಡೆಯವರು. ವಾಸಿಯಾಗದ ಕಾಯಿಲೆಯವರನ್ನು ನೋಡಿಕೊಳ್ಳುವ ತರಬೇತಿ ಮಾಡಿಕೊಂಡು ಬಂದಿದ್ದರಂತೆ. ಕಾಗದ ಓದಿ ಮಡಚಿ ನನ್ನ ಕೈಗಿಟ್ಟು, ಇವರನ್ನು ಬಸ್ಸಿನಲ್ಲಿ ಕುಲುಕಿಸಿಕೊಂಡು ಇಲ್ಲಿಗೆ ಕರೆತರಬೇಡಿ, ಡ್ಯೂಟಿ ಇಲ್ಲದ ದಿನ ನಾನೇ ಬರುತ್ತೇನೆ ಎಂದರು. ಬಂದರು. ವಾರಕ್ಕೆ ಎರಡು ಸಲ ಬಸ್ಸಿಳಿದು, ಕೊಡೆ ಮಡಚಿ ಬಾಗಿಲ ಮೂಲೆಗೆ ಒರಗಿಸಿ, ಕೈ ತೊಳೆದುಕೊಂಡು ನಮ್ಮವರ ಪಕ್ಕ ಕೂರುತ್ತಿದ್ದರು. ಮೊದಲ ದಿನ ಗಾಯ ಬಿಚ್ಚಿದಾಗ ಅದರಲ್ಲಿ ಹುಳ ಇತ್ತು. ನಾನು ಹೊರಗೆ ಓಡಿದೆ. ಲೀಲಾ ಸಿಸ್ಟರ್ ಓಡಲಿಲ್ಲ. ಒಂದೊಂದಾಗಿ ಚಿಮಟದಲ್ಲಿ ತೆಗೆದು, ಯಾವುದೋ ಮಾತ್ರೆಯನ್ನು ಪುಡಿ ಮಾಡಿ ಗಾಯಕ್ಕೆ ಉದುರಿಸಿ ಬಟ್ಟೆ ಕಟ್ಟಿದರು. ದಿನಾ ಹಾಗೆ ಮಾಡುವುದನ್ನು ನನಗೂ ಕಲಿಸಿದರು. ನಾಲ್ಕನೇ ದಿನಕ್ಕೆ ವಾಸನೆ ಇಳಿಯಿತು. ಅವತ್ತು ಸುಧಾ ತಿಂಗಳಾದ ಮೇಲೆ ಮೊದಲ ಸಲ ಅಪ್ಪನ ಪಕ್ಕದಲ್ಲೇ ತಟ್ಟೆ ಇಟ್ಟುಕೊಂಡು ಉಂಡಳು. ಆ ಸಂಜೆ ದೀಪದ ಮುಂದೆ ಹೇಳಿಕೊಳ್ಳಲು ನಾನು ಹುಡುಕಬೇಕಾಗಲಿಲ್ಲ.

ಮಾತ್ರೆ ಸರಿಯಾಗಿ ಬಿದ್ದಮೇಲೆ ಅವರಿಗೂ ಸ್ವಲ್ಪ ಗೆಲುವು ಬಂತು. ಹಾಸಿಗೆಯ ಪಕ್ಕದ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ನೇತುಹಾಕಿಸಿಕೊಂಡು, ದಿನಾ ಸಂಜೆ ಆ ತಾರೀಖಿನ ಮೇಲೆ ಪೆನ್ಸಿಲಿನಲ್ಲಿ ತಮ್ಮದೇ ಹಾಜರಿ ಹಾಕುತ್ತಿದ್ದರು. ನೋವಿಲ್ಲದೆ ಕಳೆದ ದಿನಕ್ಕೆ ಉದ್ದ ಗೀಟು, ಹೆಚ್ಚು ಕಡಿಮೆಯಾದರೆ ಅರ್ಧ ಗೀಟು, ನೋವಿನಲ್ಲೇ ಹೋದ ದಿನಕ್ಕೆ ಸೊನ್ನೆ. ಇದೇನಪ್ಪ ಎಂದು ಮಗಳು ಕೇಳಿದ್ದಕ್ಕೆ, "ನೋವು ಕೆಲಸಕ್ಕೆ ಬಂದ ದಿನ ನಾನು ಗೈರುಹಾಜರಿ" ಎಂದು ಬರೆದು ತೋರಿಸಿ ಕಣ್ಣಿನಲ್ಲೇ ನಕ್ಕರು.

ನಾನು ಮಾತ್ರ ಅವರು ಎದ್ದು ಓಡಾಡುತ್ತಾರೆ ಎಂದೇ ನಂಬಿದ್ದೆ. ನನ್ನ ತವರು ಕೆ. ಹೊಸಕೋಟೆ, ಕೆಂಚಮ್ಮ ತಾಯಿಯ ಊರು. ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ, ಇವರನ್ನು ಉಳಿಸಿಕೊಟ್ಟರೆ ನಿನಗೆ ಸೀರೆ ಉಡಿಸಿ ಮಡಿಲಕ್ಕಿ ತುಂಬುತ್ತೇನೆ ಎಂದು ತಾಯಿಗೆ ಹರಕೆ ಹೊತ್ತಿದ್ದೆ.

ಡಿಸೆಂಬರಿನಲ್ಲಿ ಕಾಫಿ ಹಣ್ಣಿನ ಕುಯ್ಲು ಜೋರಾಗಿದ್ದ ಸಮಯ. ಒಂದು ಬೆಳಗ್ಗೆ ನಾನು ಮಾತ್ರೆ ಅರೆದು ನೀರಿನಲ್ಲಿ ಕದಡಿಕೊಂಡು ಹೋದರೆ ಅವರು ಬೇಡವೆಂದು ಕೈಯಾಡಿಸಿದರು. ಹಾಳೆಯ ಮೇಲೆ "ಪಂಚಕ" ಎಂದು ಬರೆದರು. ಕ್ಯಾಲೆಂಡರಿನಲ್ಲಿ ಧನಿಷ್ಠೆಯಿಂದ ರೇವತಿಯವರೆಗಿನ ಐದು ದಿನಗಳ ಸುತ್ತ ಪೆನ್ಸಿಲಿನ ಗೆರೆ ಎಳೆದಿದ್ದರು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಐದು ನಕ್ಷತ್ರಗಳಲ್ಲಿ ಸಾವಾದರೆ ಮನೆಗೆ ಮುಳ್ಳು ಹಾಕಿ ಮುಚ್ಚಬೇಕು. ಒಂದೊಂದು ನಕ್ಷತ್ರಕ್ಕೆ ಮೂರು ತಿಂಗಳು, ಆರು ತಿಂಗಳು ಎಂದು ಲೆಕ್ಕವಿದೆ. ಹಾಗೆ ಮುಚ್ಚಿದ ಮನೆಯಿಂದ ಬಂದವರನ್ನು ಬೇರೆಯವರೂ ಒಳಗೆ ಸೇರಿಸುವುದಿಲ್ಲ. ಸಾವು ಅವರ ಬೆನ್ನ ಹಿಂದೆಯೇ ಬರುತ್ತದೆ ಎನ್ನುವ ಭಯ. ನನ್ನ ಅಣ್ಣನ ಮನೆಯಲ್ಲಿ ಸೊಸೆ ತುಂಬಿದ ಬಸುರಿ. ನಮ್ಮವರಿಗೆ ಹಿಂದೆ ಮುಂದೆ ಯಾರೂ ಇಲ್ಲ. ಅವರು ಆ ಐದು ದಿನಗಳಲ್ಲಿ ಹೋದರೆ ನಾನೂ ಮಗಳೂ ಬೀದಿಯಲ್ಲೇ ನಿಲ್ಲಬೇಕಿತ್ತು. ಮಾತ್ರೆ ನುಂಗಿದರೆ ನಿದ್ದೆ ಬರುತ್ತದೆ, ನಿದ್ದೆಯಲ್ಲಿ ಪ್ರಾಣ ಜಾರಿದರೆ ತಿಳಿಯುವುದಿಲ್ಲ, ಎಚ್ಚರವಿದ್ದರೆ ಹಿಡಿದಿಟ್ಟುಕೊಳ್ಳಬಹುದು. ಇದು ಅವರು ಬರೆದದ್ದು. ಅಕ್ಷರ ಮುತ್ತಿನ ಹಾಗಿತ್ತು.

ನಾನು ಏನು ಮಾಡಿದೆ ಎಂದು ಹೇಳದೆ ಈ ಬರಹ ಪೂರ್ತಿಯಾಗುವುದಿಲ್ಲ. ನಾನು ಒಪ್ಪಿಕೊಂಡೆ. ಮಾತ್ರೆಯ ಪೊಟ್ಟಣವನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟೆ. ಅವರು ಒಂದು ಕೈಯಲ್ಲಿ ಗೋಡೆಯ ಮೊಳೆ, ಇನ್ನೊಂದರಲ್ಲಿ ನನ್ನ ಸೆರಗು ಹಿಡಿದುಕೊಂಡು ಐದು ದಿನ ಕಳೆದರು. ಮೈಯೆಲ್ಲ ಬೆವರು, ನಡುಕ. ಬಾಯಲ್ಲಿ ಮಾತಿಲ್ಲದ ಮನುಷ್ಯನ ಗಂಟಲಿನಿಂದ ಬರುತ್ತಿದ್ದ ಸದ್ದು ಕೇಳಲಾಗದೆ ಸುಧಾ ಸ್ಕೂಲು ಬಿಟ್ಟ ಮೇಲೂ ಬಸ್ ಸ್ಟಾಪಿನಲ್ಲೇ ಕೂತಿರುತ್ತಿದ್ದಳು. ಆ ದಿನಗಳಲ್ಲಿ ಉಪಕಾರ ಎಂದು ಹೇಳಿಕೊಳ್ಳಲು ನನಗೆ ಏನೂ ಸಿಗಲಿಲ್ಲ. ದೀಪ ಹಚ್ಚಿ ಸುಮ್ಮನೆ ಕೈ ಮುಗಿದು ಏಳುತ್ತಿದ್ದೆ. ಕ್ಯಾಲೆಂಡರಿನಲ್ಲಿ ಸಾಲಾಗಿ ಐದು ಸೊನ್ನೆ ಬಿದ್ದವು.

ಆ ವಾರ ಆಸ್ಪತ್ರೆಯಲ್ಲಿ ಕೆಲಸ ಹೆಚ್ಚಿ ಲೀಲಾ ಸಿಸ್ಟರ್ ಬಂದಿರಲಿಲ್ಲ. ಆರನೇ ದಿನ ಬಂದವರು ನಮ್ಮವರ ಮುಖ ನೋಡಿದರು, ಮಾತ್ರೆಯ ಪೊಟ್ಟಣ ಇಸಿದುಕೊಂಡು ಎಣಿಸಿದರು.

"ಮೂವತ್ತು ಮಾತ್ರೆ ಹೆಚ್ಚಿಗೆ ಐತಲ್ಲ ಶಾರದಮ್ಮ?"

ನಾನು ತಲೆ ತಗ್ಗಿಸಿ ಎಲ್ಲಾ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಸಿಸ್ಟರ್ ಬೈಯಲಿಲ್ಲ. ನಮ್ಮವರ ಕೈ ಹಿಡಿದುಕೊಂಡು, ಈ ಮಾತ್ರೆ ಸರಿಯಾಗಿ ಕೊಟ್ಟರೆ ನೋವು ಕಳೆಯುತ್ತದೆಯೇ ಹೊರತು ಪ್ರಾಣ ಕಳೆಯುವುದಿಲ್ಲ, ದಿಢೀರನೆ ನಿಲ್ಲಿಸಿದ್ದಕ್ಕೇ ಆ ಬೆವರು ನಡುಕ ಎಂದು ತಿಳಿಸಿ ಹೇಳಿದರು. ನಮ್ಮವರು ಬರೆದರು: "ಮುಂದಿನ ಪಂಚಕ ಬರುವುದರೊಳಗೆ ಹೋಗುತ್ತೇನೆ ಎಂದು ಬರೆದುಕೊಡುತ್ತೀರಾ?"

"ನನ್ ಕೈಲಿ ಹೆಂಗಾಗುತ್ತೆ ಅಣ್ಣ ಅದು" ಎಂದರು ಸಿಸ್ಟರ್. ಹೊರಗೆ ಬಂದು ನನ್ನ ಹತ್ತಿರ, "ಇವರಿಗಿರೋ ನೋವಿಗೆ ನನ್ ಹತ್ರ ಮಾತ್ರೆ ಐತೆ, ಹೆದರಿಕೆಗೆ ಇಲ್ಲ ಶಾರದಮ್ಮ. ಅದನ್ನ ಯಾರಾದ್ರೂ ತೆಗೀಬೇಕು" ಎಂದರು.

ಮತ್ತೆ ಮಾತ್ರೆ ಶುರುವಾಯಿತು, ಮತ್ತೆ ಗೀಟುಗಳು ಬಿದ್ದವು. ಆದರೆ ಅವರು ದಿನದಿಂದ ದಿನಕ್ಕೆ ಸವೆಯುತ್ತಿದ್ದರು. ಗಂಜಿ ಎರಡು ಚಮಚ ಒಳಗೆ ಹೋದರೆ ಹೆಚ್ಚು. ಹೊಸ ವರ್ಷದ ಕ್ಯಾಲೆಂಡರ್ ಬಂದ ದಿನ ಸುಧಾಳ ಕೈಯಲ್ಲಿ ಅದನ್ನು ಗೋಡೆಗೆ ಹಾಕಿಸಿ, ಹಬ್ಬ ಯಾವಾಗ, ರಜಾ ಯಾವಾಗ ಎಂದು ನೋಡದೆ ಅವರು ಮೊದಲು ಹುಡುಕಿದ್ದು ಆ ಐದು ದಿನಗಳನ್ನು. ಸಂಕ್ರಾಂತಿಗೆ ಮುಂಚಿನ ವಾರ, ಸೋಮವಾರದಿಂದ ಶುಕ್ರವಾರದವರೆಗೆ ಗೆರೆ ಎಳೆದರು. ಈ ಸಲ ದಾಟುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅದರ ಹಿಂದಿನ ದಿನ, ಭಾನುವಾರ, ಅಂಗಳದಲ್ಲಿ ಕಾಫಿ ಹರಡುತ್ತಿದ್ದ ದೇವೀರಜ್ಜಿಯ ಮಗ ಮಂಜಣ್ಣ ತನ್ನ ತಾಯಿಗೆ ಹೇಳುವುದು ಕಿವಿಗೆ ಬಿತ್ತು. ನಾಳೆಯಿಂದ ಪಂಚಕ, ರೈಟರು ಹೋದ ಮೇಲೂ ಈ ಸ್ಟೋರ್ ಮುಚ್ಚಿಯೇ ಇದ್ದರೆ ಕಾಫಿ ಎಲ್ಲಿ ಇಡುವುದು, ಅವರಿಗೆ ಏನಾದರೂ ಹೇಳು ಎಂದು. ಅಜ್ಜಿ ಏನು ಉತ್ತರ ಕೊಟ್ಟಳೋ ಕೇಳಿಸಲಿಲ್ಲ. ನಮ್ಮವರಿಗೂ ಮಂಜಣ್ಣನ ಮಾತು ಕೇಳಿಸಿತ್ತು. ಸೋಮವಾರ ಬೆಳಗ್ಗೆ ಮಾತ್ರೆಯನ್ನು ತಳ್ಳಿ ಹಾಳೆ ತೆಗೆದುಕೊಂಡು ಬರೆದರು: "ಕಣದ ಶೆಡ್ಡಿಗೆ ನನ್ನನ್ನು ಸಾಗಿಸು. ಅಲ್ಲಿ ಹೋದರೆ ಯಾವ ಮನೆಗೂ ದೋಷವಿಲ್ಲ."

ಕಾಫಿ ಒಣಗಿಸುವ ಕಣದ ತುದಿಯಲ್ಲಿ ನಾಲ್ಕು ಕಂಬ, ಮೇಲೆ ತಗಡು ಇರುವ ಶೆಡ್ಡು ಅದು. ಮೂರು ಕಡೆ ಗೋಡೆಯಿಲ್ಲ. ಜನವರಿಯಲ್ಲಿ ಒಂಬತ್ತು ಗಂಟೆಯವರೆಗೂ ಘಾಟಿಯ ಮಂಜು ಅಲ್ಲಿಂದ ಎದ್ದು ಹೋಗುವುದಿಲ್ಲ. ನಾನು ದೇವರ ಮುಂದೆ ಹೋಗಿ ಕೂತೆ. ಮುಡಿಪು ಅಲ್ಲೇ ಇತ್ತು. ಅವತ್ತು ನಾನು ಬೇಡಿದ್ದು ಇಷ್ಟೇ: ತಾಯಿ, ಉಳಿಸು ಎಂದು ಇನ್ನು ಕೇಳುವುದಿಲ್ಲ, ಇವರ ಭಯ ತೆಗೆ, ಸೂರಿನ ಕೆಳಗೆ ನಿದ್ದೆ ಮಾಡಿಕೊಂಡು ಹೋಗಲಿ. ಒಂಬತ್ತು ತಿಂಗಳಲ್ಲಿ ಅವರ ಪ್ರಾಣವನ್ನು ನಾನು ಬೇಡದೆ ಎದ್ದದ್ದು ಅದೇ ಮೊದಲು.

ಎದ್ದು ಪೊರಕೆ ತೆಗೆದುಕೊಂಡು ಶೆಡ್ಡಿಗೆ ಹೋದೆ. ಬೇಡಿದವಳೂ ನಾನೇ, ಪೊರಕೆ ಹಿಡಿದವಳೂ ನಾನೇ. ಗುಡಿಸಿ, ಗೋಣಿಚೀಲ ನಾಲ್ಕು ಹಾಸಿ, ಗಾಳಿಗೆ ಅಡ್ಡವಾಗಿ ಟಾರ್ಪಾಲ್ ಕಟ್ಟುತ್ತಿದ್ದೆ. ಕೋಲಿನ ಸದ್ದು ಕೇಳಿ ತಿರುಗಿದರೆ ದೇವೀರಜ್ಜಿ.

"ಏನೇ ಮಾಡ್ತಿದ್ದೀಯ ಅಲ್ಲಿ?"

ಹೇಳಿದೆ. ಅಜ್ಜಿ ಗೋಣಿಚೀಲ ನೋಡಿದಳು, ಕಂಬಕ್ಕೆ ಕೈಕೊಟ್ಟು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಇದೇ ಜಾಗ ಕಣೇ" ಎಂದಳು.

ನಲವತ್ತು ವರ್ಷದ ಹಿಂದಿನ ಮಾತಂತೆ. ಅಜ್ಜಿಯ ಗಂಡನಿಗೆ ಜ್ವರ ನೆತ್ತಿಗೇರಿ ಇವತ್ತೋ ನಾಳೆಯೋ ಎನ್ನುವಂತಾಗಿತ್ತು. ಮಾವ ಪಂಚಾಂಗ ನೋಡಿಸಿ, ಚಾಪೆ ಸಮೇತ ಹೊತ್ತು ತಂದು ಇದೇ ಶೆಡ್ಡಿನಲ್ಲಿ ಮಲಗಿಸಿದರು. ಆಗ ಹುಲ್ಲಿನ ಮಾಡು. ಮೂರು ದಿನ ಆತ ಮನೆಯ ಕಡೆ ಕೈ ತೋರಿಸುತ್ತಾ ಒಳಕ್ಕೆ ಕರೆದುಕೊಂಡು ಹೋಗಿ ಎಂದು ಹೋದವರನ್ನೂ ಬಂದವರನ್ನೂ ಕೇಳಿದನಂತೆ. ಸೊಸೆಯಾದವಳು ಮಾವನ ಎದುರು ಬಾಯಿ ತೆಗೆಯುವ ಕಾಲವಲ್ಲ ಅದು.

"ನಕ್ಷತ್ರ ಎಲ್ಲಾ ಕಳೀತು. ಬೆಳಗ್ಗೆ ಒಳಕ್ಕೆ ತರಾಣ ಅಂದ್ರು. ಅಷ್ಟ್ರಲ್ಲಿ ಹೋಗ್ಬುಟ್ಟಿದ್ರು" ಎಂದಳು ಅಜ್ಜಿ. "ದಿನಾ ಬಂದು ರೈಟ್ರು ಒಳಗವ್ರಾ ಅಂತ ಕೇಳ್ತಿದ್ನಲ್ಲ, ನೀನೆಲ್ಲಿ ಆಚೆಗೆ ಹಾಕ್ಬುಡ್ತೀಯೋ ಅಂತ ಕಣೇ."

ನನಗೆ ಮುಖ ಎತ್ತಲಾಗಲಿಲ್ಲ. ಅಜ್ಜಿಯೇ ನನ್ನ ತೋಳು ಹಿಡಿದು ಎದ್ದಳು. ಆ ಮನೆಗೆ ನಾವು ಬಂದ ಮೇಲೆ ಹೊಸ್ತಿಲು ದಾಟದವಳು ಅವತ್ತು ದಾಟಿದಳು. ಅವರ ಹಾಸಿಗೆಯ ಪಕ್ಕದಲ್ಲೇ ಕೂತು, ಸೊಂಟದಿಂದ ಬೀಗದ ಕೈ ಬಿಚ್ಚಿದಳು. ಗೇಣುದ್ದದ ಹಳೇ ಕಬ್ಬಿಣದ್ದು.

"ರೈಟ್ರೇ, ಇತ್ಲಾಗೆ ನೋಡಿ. ಇದು ನಮ್ಮ ನಡುಮನೆ ಬೀಗದ ಕೈ. ನನ್ ಸೊಸೆಗೂ ಕೊಟ್ಟಿಲ್ಲ ಇದ್ನ. ನೀವು ಪಂಚಕದಲ್ಲಾದ್ರೂ ಹೋಗಿ, ಹುಣ್ಣಿಮೇಲಾದ್ರೂ ಹೋಗಿ. ಈ ಮನೆ ಮುಚ್ಚೋ ದಿನವೇ ನಿಮ್ ಹೆಂಡ್ತಿ ಮಗಳು ನಮ್ಮ ನಡುಮನೇಗೆ ಬತ್ತಾರೆ. ಮೂರು ತಿಂಗ್ಳೋ ಆರು ತಿಂಗ್ಳೋ, ನಾನು ಉಂಡಿದ್ದು ಅವ್ರು ಉಣ್ತಾರೆ. ಮಾತ್ರೆ ನುಂಗಿ."

ಅವರು ಹಾಳೆಯಲ್ಲಿ ಏನೋ ಬರೆದರು. ಅಜ್ಜಿಗೆ ಓದು ಬರುವುದಿಲ್ಲ, ಏನಂತೆ ಓದೇ ಎಂದಳು. "ಮಂಜಣ್ಣ ಒಪ್ಪುತ್ತಾನಾ?" ಎಂದಿತ್ತು.

"ಅವ್ನಿರೋದು ನನ್ ಮನೇಲಿ. ನಾನು ಅವ್ನ ಮನೇಲಲ್ಲ" ಎಂದಳು ಅಜ್ಜಿ.

ಅವರು ಆ ಬೀಗದ ಕೈಯನ್ನು ಹಿಡಿದು ನೋಡಿದರು, ಆಳುಗಳ ಬುಟ್ಟಿ ಎತ್ತಿ ನೋಡುವ ಹಾಗೆ ಅದರ ತೂಕ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಬಾಯಿ ತೆರೆದರು. ನಾನು ಮಾತ್ರೆ ಕದಡಲು ಓಡಿದೆ.

ಮಧ್ಯಾಹ್ನದ ಬಸ್ಸಿಗೆ ಲೀಲಾ ಸಿಸ್ಟರ್ ಬಂದಾಗ ಅವರು ಮಲಗಿದ್ದರು. ಹುಬ್ಬಿನ ನಡುವಿನ ಗಂಟು ಬಿಚ್ಚಿಕೊಂಡಿತ್ತು. ಕೈಯಲ್ಲಿ ಇದೇನು ಎಂದು ಸಿಸ್ಟರ್ ಕೇಳಿದರು. ನಡೆದದ್ದು ಹೇಳಿದೆ. ಅವರು ಅಜ್ಜಿಯ ಮನೆಯ ಕಡೆ ತಿರುಗಿ ಕೈ ಮುಗಿದರು.

ಆ ಸಂಜೆ ನಮ್ಮವರು ಅರ್ಧ ಗೀಟು ಎಳೆದರು. ಮಂಗಳವಾರ ಪೂರ್ತಿ ಗೀಟು. ಆ ದಿನ ಸುಧಾಳನ್ನು ಕರೆದು, ಅವಳ ಪುಸ್ತಕಗಳಿಗೆಲ್ಲ ಹೆಸರು ಬರೆದುಕೊಟ್ಟರು. ಬುಧವಾರ ಬಹಳ ಹೊತ್ತು ನಿದ್ದೆಯಲ್ಲೇ ಇದ್ದರು. ಸಿಸ್ಟರ್ ರಜಾ ಹಾಕಿ ಬಂದಿದ್ದರು. ಪಾದ ಮುಟ್ಟಿ ನೋಡಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ಇನ್ನು ಹತ್ರ ಐತೆ. ಬಲವಂತಕ್ಕೆ ನೀರು, ಗಂಜಿ ಹಾಕ್ಬೇಡಿ, ಎದೆಗೆ ಹತ್ತುತ್ತೆ. ಹತ್ತಿಯಲ್ಲಿ ತುಟಿ ಒದ್ದೆ ಮಾಡಿ ಸಾಕು. ಮಾತ್ರೆ ಪುಡಿ ನಾಲಗೆ ಕೆಳಗಿಡಿ. ಉಸಿರು ನಿಂತು ನಿಂತು ಬತ್ತದೆ, ಗೊರಗೊರ ಅಂತದೆ, ಹೆದರಬೇಡಿ, ಅವರಿಗೆ ಅದು ತಿಳಿಯಲ್ಲ. ಆದ್ರೆ ಕಿವಿ ಕೇಳ್ತಿರುತ್ತೆ. ಮಾತಾಡ್ತಿರಿ."

ಏನು ಮಾತಾಡಲಿ ಎಂದು ನಾನು ಕೇಳಿದೆ. ದಿನಾ ಮಾತಾಡುವುದನ್ನೇ ಎಂದರು.

ಬುಧವಾರ ಸಂಜೆ ಎಚ್ಚರವಾದಾಗ ಅವರು ಗೋಡೆಯ ಕಡೆ ನೋಡಿದರು. ಸುಧಾ ಕ್ಯಾಲೆಂಡರ್ ಇಳಿಸಿ ಅವರ ಎದೆಯ ಮೇಲೆ ಹಿಡಿದಳು, ನಾನು ಬೆರಳ ನಡುವೆ ಪೆನ್ಸಿಲ್ ಇಟ್ಟೆ. ಗೀಟು ಸೊಟ್ಟಗೆ ಬಿತ್ತು, ಆದರೆ ಪೂರ್ತಿ ಬಿತ್ತು.

ಗುರುವಾರ ಬೆಳಗ್ಗೆ ಉತ್ತರಾಭಾದ್ರ. ಉಸಿರಿಗೂ ಉಸಿರಿಗೂ ನಡುವಿನ ಅಂತರ ಬೆಳೆಯುತ್ತಿತ್ತು. ನಾನು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮಾತಾಡಿದೆ. ಕೆಳಗಿನ ತೋಟದಲ್ಲಿ ಇವತ್ತು ಎರಡನೇ ಕುಯ್ಲು, ಮೇಸ್ತ್ರಿ ಹೊಸಬ, ಆಳುಗಳನ್ನು ತಡವಾಗಿ ಕಳಿಸುತ್ತಾನೆ, ನೀವಿದ್ದಿದ್ದರೆ ಬೈಯುತ್ತಿದ್ದಿರಿ, ಸುಧಾ ತಲೆ ತಾನೇ ಬಾಚಿಕೊಳ್ಳುವುದನ್ನು ಕಲಿತಿದ್ದಾಳೆ. ಒಂಬತ್ತು ಗಂಟೆಯ ಹೊತ್ತಿಗೆ ಮಂಜು ಏಳುತ್ತಿತ್ತು, ಘಾಟಿ ಹತ್ತುವ ಲಾರಿಯ ಸದ್ದು ಬಂತು. ಸದ್ದು ಮುಗಿಯುವವರೆಗೂ ಕಾದೆ. ಮುಂದಿನ ಉಸಿರು ಬರಲಿಲ್ಲ. ಸಿಸ್ಟರ್ ಮಣಿಕಟ್ಟು ಹಿಡಿದು ನೋಡಿ, ಗಡಿಯಾರ ನೋಡಿ, ಅವರ ಕಣ್ಣು ಮುಚ್ಚಿದರು. ಬೀಗದ ಕೈ ಅವರ ಅಂಗೈಯಲ್ಲೇ ಇತ್ತು.

ಮಣ್ಣು ಮಾಡಿ ಬಂದ ಮೇಲೆ ಹಿರಿಯರು ಹೇಳಿದಂತೆ ಆ ಮನೆಗೆ ಮೂರು ತಿಂಗಳು ಮುಳ್ಳು ಹಾಕಿದರು. ನಾನು ಮಗಳ ಕೈ ಹಿಡಿದು ಅಂಗಳದಲ್ಲಿ ನಿಂತಿದ್ದೆ. ನೆಂಟರು ಒಬ್ಬೊಬ್ಬರಾಗಿ ಬಸ್ಸಿನ ಹೊತ್ತಾಯಿತು ಎಂದು ಹೊರಟರು. ಅಣ್ಣ ನನ್ನ ಮುಖ ನೋಡಲಾರದೆ ನೆಲ ನೋಡುತ್ತಿದ್ದ. ದೇವೀರಜ್ಜಿ ಜಗಲಿಯಿಂದ, "ಬೀಗದ ಕೈ ನಿನ್ ಹತ್ರ ಇಟ್ಕಂಡು ಅಲ್ಲೇನ್ ನಿಂತಿದ್ದೀಯ, ತೆಗಿಯೇ" ಎಂದಳು. ನಾನೇ ನಡುಮನೆಯ ಬೀಗ ತೆಗೆದೆ. ಮಂಜಣ್ಣ ಹದಿನೈದು ದಿನ ತಾಯಿಯ ಹತ್ತಿರ ಮಾತು ಬಿಟ್ಟ. ಅಕ್ಕಪಕ್ಕದ ಎರಡು ಮನೆಯವರು ಆ ಮನೆಯಿಂದ ನೀರು ಒಯ್ಯುವುದನ್ನು ನಿಲ್ಲಿಸಿದರು. ಅಜ್ಜಿ ಯಾರಿಗೂ ಸಮಜಾಯಿಷಿ ಹೇಳಲಿಲ್ಲ. ಅವಳು ಉಂಡದ್ದನ್ನೇ ನಾವೂ ಉಂಡೆವು.

ಹರಕೆಯ ಮಾತು ಬಂದಾಗ ಅತ್ತಿಗೆ, ತಾಯಿ ಉಳಿಸಿಕೊಡಲಿಲ್ಲವಲ್ಲ, ಮುಡಿಪು ಬಿಚ್ಚಿಬಿಡು, ದೋಷವಿಲ್ಲ ಎಂದಳು. ನಾನು ಬಿಚ್ಚಲಿಲ್ಲ. ಸೋಮವಾರ ಬೆಳಗ್ಗೆ ಬೇಡಿದ್ದನ್ನು ತಾಯಿ ಮಧ್ಯಾಹ್ನದೊಳಗೆ ಕೊಟ್ಟಿದ್ದಳು, ಅದೂ ನಾನು ಬೈದುಕೊಳ್ಳುತ್ತಿದ್ದ ಮುದುಕಿಯ ಕೈಯಿಂದ ಕೊಡಿಸಿದ್ದಳು. ವರ್ಷ ತುಂಬಿದ ಮೇಲೆ ಹೊಸಕೋಟೆಗೆ ಹೋಗಿ ಸೀರೆ ಒಪ್ಪಿಸಿದೆ. ನಾನು ತುಂಬುವ ಹಾಗಿರಲಿಲ್ಲವಾದ್ದರಿಂದ ಮಡಿಲಕ್ಕಿಯನ್ನು ಸುಧಾ ತುಂಬಿದಳು.

ಈಗ ಲೀಲಾ ಸಿಸ್ಟರ್ ಕರೆದಾಗ ನಾನೂ ಅವರ ಜೊತೆ ಹೆತ್ತೂರು, ಆಲೂರು ಕಡೆಯ ಮನೆಗಳಿಗೆ ಹೋಗುತ್ತೇನೆ. ಗಾಯ ತೊಳೆಯುತ್ತೇನೆ, ಮಗ್ಗುಲು ಬದಲಿಸುತ್ತೇನೆ. ನನಗೆ ಬೇರೇನೂ ಬರುವುದಿಲ್ಲ. ರೋಗಿಯ ಪಕ್ಕ ಕೂತ ಮೇಲೆ ಮೊದಲು ಗೋಡೆಯ ಕ್ಯಾಲೆಂಡರ್ ನೋಡುತ್ತೇನೆ. ಐದು ದಿನದ ಸುತ್ತ ಗೆರೆ ಕಂಡರೆ ಮನೆಯವರನ್ನು ಹೊರಗೆ ಕರೆದು ಇದೇ ಕಥೆ ಹೇಳುತ್ತೇನೆ. ಕೆಲವರು ಕೇಳುತ್ತಾರೆ. ಕೆಲವರು ನನ್ನನ್ನೇ ಹೊರಗೆ ಕಳಿಸುತ್ತಾರೆ.

ಗುಡಿಯಲ್ಲಿ ಕೇಳಿದ ಆ ಅಕ್ಕನಿಗೆ ನನ್ನ ಉತ್ತರ ಇಷ್ಟು. ಮೂರು ತಿಂಗಳಾದ ಮೇಲೆ, ಕಾಫಿ ಹೂವಿನ ವಾಸನೆ ಊರೆಲ್ಲ ಹಬ್ಬಿದ್ದ ದಿನ, ಶಾಂತಿ ಮಾಡಿಸಿ ಮುಳ್ಳು ತೆಗೆದರು. ಒಳಗೆ ಧೂಳು, ಇಲಿ ಕಡಿದ ಹಾಸಿಗೆ. ಕ್ಯಾಲೆಂಡರ್ ಗೋಡೆಯಲ್ಲೇ ಇತ್ತು. ಅವರು ಗೆರೆ ಎಳೆದಿದ್ದ ಐದು ದಿನಗಳೊಳಗೆ ಒಂದು ಅರ್ಧ ಗೀಟು, ಎರಡು ಪೂರ್ತಿ ಗೀಟು. ಸೊನ್ನೆ ಒಂದೂ ಇರಲಿಲ್ಲ. ಗುರುವಾರದ ಚೌಕ ಖಾಲಿಯಿತ್ತು. ಬೆಳಗ್ಗೆ ಒಂಬತ್ತಕ್ಕೇ ಎದ್ದುಹೋದವರಿಗೆ ಚೆಕ್ ರೋಲಿನಲ್ಲಿ ಅರ್ಧ ಹಾಜರಿಯೂ ಸಿಗುವುದಿಲ್ಲ, ರೈಟರ್ ಹೆಂಡತಿಗೆ ಅಷ್ಟು ಗೊತ್ತು. ಪೆನ್ಸಿಲ್ ಹುಡುಕಿ, ತಾಯಿಯನ್ನು ನೆನೆದು, ಪೂರ್ತಿ ಗೀಟು ಎಳೆದೆ.